ಮಾತು ಬಲ್ಲವರ ಜಗಳಗಳು

(ಬಾನುಲಿ ಭಾಷಣ)

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದರು ನಮ್ಮ ಹಿರಿಯರು. ಗಾದೆಯ ಮಾತನ್ನು ಸುಲಭವಾಗಿ ತಳ್ಳಿಹಾಕುವವನು ನಾನಲ್ಲ. ಆದರೂ ಈ ಗಾದೆಯನ್ನು ನೆನೆದಾಗಲೆಲ್ಲ ಅಮೆರಿಕದ ಒಬ್ಬ ಮಹಿಳೆಯ ನೆನಪಾಗಿ, ಸಣ್ಣದೊಂದು ಸಂಶಯ ತಲೆ ಎತ್ತುತ್ತದೆ. ನಮ್ಮ ಕಾಲದಲ್ಲಿ ಆಕೆಗಿಂತ ಹೆಚ್ಚಾಗಿ ಮಾತು ಬಲ್ಲವರು ವಿರಳ. ಮಾತಿನಿಂದಲೇ ಆಕೆಯಷ್ಟು ಜಗಳಗಳನ್ನು ಕಂಡವರೂ ವಿರಳವೇ. ಅವುಗಳಲ್ಲಿ ಒಂದಂತೂ ಊಟದ ವಿಷಯಕ್ಕೇ ಎದ್ದದ್ದು.

ಆಕೆಯ ಹೆಸರು ಓಪ್ರಾ ವಿನ್‌ಫ್ರಿ. 1954ರಲ್ಲಿ ಮಿಸಿಸಿಪಿ ರಾಜ್ಯದ ಕೋಸಿಯಸ್ಕೊ ಎಂಬ ಸಣ್ಣ ಊರಿನಲ್ಲಿ, ಕಪ್ಪು ಜನಾಂಗದ ಬಡ ಕುಟುಂಬವೊಂದರಲ್ಲಿ ಹುಟ್ಟಿದರು. ಮೊದಲ ಅಕ್ಷರಗಳನ್ನು ಕಲಿಸಿದವಳು ಅಜ್ಜಿ. 1984ರಲ್ಲಿ ಷಿಕಾಗೊ ನಗರದ ಬೆಳಗಿನ ಕಾರ್ಯಕ್ರಮವೊಂದರ ಹೊಣೆ ಹೊತ್ತರು. ಆಕೆಯ ಹೆಸರನ್ನೇ ಪಡೆದ ಆ ಕಾರ್ಯಕ್ರಮ 1986ರ ಸೆಪ್ಟೆಂಬರ್ 8ರಿಂದ ದೇಶಕ್ಕೆಲ್ಲ ಪ್ರಸಾರವಾಗತೊಡಗಿ, 2011ರ ಮೇ 25ರವರೆಗೆ ನಡೆಯಿತು. ಒಟ್ಟು 4,561 ಸಂಚಿಕೆಗಳು. ಕೇಬಲ್ ಬಂದ ಮೇಲೆ ನಮ್ಮಲ್ಲಿಯೂ ಅದನ್ನು ಕಂಡವರಿದ್ದಾರೆ. ವೇದಿಕೆಯ ಮೇಲೆ ಅತಿಥಿಗಳು, ಎದುರಿಗೆ ಸಭೆ, ನಡುವೆ ಮೈಕು ಹಿಡಿದು ಓಡಾಡುವ ಓಪ್ರಾ. ಇತರರ ಕಥೆಯನ್ನು ಕೇಳಿ ಸುಮ್ಮನಾಗುವ ಜಾಯಮಾನ ಆಕೆಯದಲ್ಲ. ಬಾಲ್ಯದಲ್ಲಿ ತನ್ನ ಮೇಲೆ ನಡೆದ ಅತ್ಯಾಚಾರವನ್ನು ಆ ಸಭೆಯ ಎದುರಿಗೇ ಬಾಯಿಬಿಟ್ಟು ಹೇಳಿಕೊಂಡವರು. ಈಕೆ ನಮ್ಮವಳು, ನಮಗೆ ಸುಳ್ಳು ಹೇಳಲಾರಳು ಎಂಬ ನಂಬಿಕೆ ಲಕ್ಷಾಂತರ ಮನೆಗಳಲ್ಲಿ ಬೆಳೆದದ್ದು ಹೀಗೆ. ಆ ನಂಬಿಕೆಯೇ ಆಕೆಯ ಬಂಡವಾಳ. ಆಕೆಯ ಜಗಳಗಳೆಲ್ಲ ಹುಟ್ಟಿದ್ದೂ ಅದರಿಂದಲೇ.

ಮೊದಲ ಪಾಠ ಬೇಗನೆ ಬಂದಿತು. 1987ರಲ್ಲಿ ಜಾರ್ಜಿಯಾ ರಾಜ್ಯದ ಫೋರ್ಸೈತ್ ಕೌಂಟಿಗೆ ಹೋಗಿ ಆಕೆ ಕಾರ್ಯಕ್ರಮ ನಡೆಸಿದರು. ಕಪ್ಪು ಜನರನ್ನು 1912ರಲ್ಲಿ ಓಡಿಸಿ, ಮುಂದೆ ಎಪ್ಪತ್ತೈದು ವರ್ಷ ಒಳಗೆ ಬಿಟ್ಟುಕೊಳ್ಳದ ಪ್ರದೇಶ ಅದು. ಅಲ್ಲಿನ ಬಿಳಿಯರನ್ನೇ ಕೂರಿಸಿಕೊಂಡು ಏಕೆ ಹೀಗೆ ಎಂದು ಕೇಳಿದರು. ಅದು ಧೈರ್ಯದ ಕೆಲಸ. ಮರುವರ್ಷ ಅದೇ ಧೈರ್ಯದಿಂದ, ಜನಾಂಗದ್ವೇಷವನ್ನೇ ಧರ್ಮವೆಂದು ಸಾರುವ ತಲೆ ಬೋಳಿಸಿದ ಯುವಕರ ಗುಂಪನ್ನು ವೇದಿಕೆಗೆ ಕರೆದರು. ಅವರು ಆಕೆಯ ಮುಖಕ್ಕೇ ಹೀನ ಮಾತುಗಳನ್ನಾಡಿದರು. ದ್ವೇಷವನ್ನು ಬಯಲಿಗೆಳೆದರೆ ಅದು ನಾಚಿಕೊಳ್ಳುತ್ತದೆ ಎಂದು ಆಕೆ ಎಣಿಸಿದ್ದರು. ನಾಚಿಕೊಳ್ಳುವ ಬದಲು ಅದು ಆಕೆಯ ಮೈಕನ್ನೇ ತನ್ನ ಪ್ರಚಾರಕ್ಕೆ ಬಳಸಿಕೊಂಡಿತು. ತಾನು ಅವರ ಕೈಗೊಂಬೆಯಾದೆನೆಂದೂ ಅಂಥವರಿಗೆ ಇನ್ನು ವೇದಿಕೆ ಕೊಡಲಾರೆನೆಂದೂ ಮುಂದೆ ಆಕೆ ಹೇಳಿಕೊಂಡರು. ಇನ್ನೊಂದು ಸಂಚಿಕೆಯಲ್ಲಿ ಗಂಡ, ಹೆಂಡತಿ, ಗಂಡನ ಪ್ರೇಯಸಿ ಮೂವರನ್ನೂ ಒಟ್ಟಿಗೆ ಕೂರಿಸಿದ್ದರು. ಪ್ರೇಯಸಿ ಬಸುರಿಯೆಂಬ ಸುದ್ದಿ ಆ ಹೆಂಡತಿಯ ಕಿವಿಗೆ ಬಿದ್ದದ್ದು ನೋಡುಗರೆಲ್ಲರ ಎದುರಿಗೆ. ಆ ಹೆಂಗಸಿನ ಮುಖವನ್ನು ತಾನು ಮರೆಯಲಾರೆನೆಂದು ಓಪ್ರಾ ಹೇಳಿದ್ದುಂಟು. ಈ ಮುಖವನ್ನು ನಾವೂ ನೆನಪಿನಲ್ಲಿಡೋಣ.

ಊಟದ ಜಗಳ ಎದ್ದದ್ದು 1996ರಲ್ಲಿ. ಹಸುಗಳಿಗೆ ಬರುವ ಹುಚ್ಚುರೋಗಕ್ಕೂ ಮನುಷ್ಯರ ಮಾರಕ ರೋಗವೊಂದಕ್ಕೂ ನಂಟಿರಬಹುದೆಂದು ಆ ಮಾರ್ಚಿಯಲ್ಲಿ ಬ್ರಿಟಿಷ್ ಸರ್ಕಾರ ಒಪ್ಪಿಕೊಂಡಿತ್ತು. ಏಪ್ರಿಲ್ 16ರ ಸಂಚಿಕೆಗೆ ಓಪ್ರಾ, ಹಿಂದೆ ದನ ಸಾಕುತ್ತಿದ್ದ ಹೊವರ್ಡ್ ಲೈಮನ್ ಎಂಬುವರನ್ನು ಕರೆಸಿದರು. ಸತ್ತ ದನಗಳ ಅವಶೇಷವನ್ನು ಅರೆದು ದನಗಳಿಗೇ ತಿನ್ನಿಸುವ ಪದ್ಧತಿ ಅಮೆರಿಕದಲ್ಲಿಯೂ ಇದೆಯೆಂದು ಅವರು ವಿವರಿಸಿದರು. ಹುಲ್ಲು ತಿನ್ನುವ ಪ್ರಾಣಿಗೆ ಮಾಂಸ! ಇನ್ನು ತಾನು ಬರ್ಗರ್ ಮುಟ್ಟುವುದು ಸಾಧ್ಯವಿಲ್ಲವೆಂದು ಓಪ್ರಾ ಥಟ್ಟನೆ ನುಡಿದರು. ದನದ ಮಾರುಕಟ್ಟೆಯಲ್ಲಿ ಬೆಲೆ ಕುಸಿಯಿತು. ಬೇಗ ಕೆಡುವ ಆಹಾರ ಪದಾರ್ಥಗಳ ಮೇಲೆ ಸುಳ್ಳು ಅಪವಾದ ಹೊರಿಸುವುದರ ವಿರುದ್ಧ 1995ರಲ್ಲಿ ಟೆಕ್ಸಾಸ್ ರಾಜ್ಯ ಮಾಡಿದ್ದ ಕಾಯಿದೆಯನ್ನು ಹಿಡಿದು ಅಲ್ಲಿನ ದನದ ಉದ್ಯಮಿಗಳು ಮೊಕದ್ದಮೆ ಹೂಡಿದರು. ಕೇಳಿದ ಪರಿಹಾರ ಒಂದು ಕೋಟಿ ಡಾಲರಿಗೂ ಮಿಗಿಲು.

ವಿಚಾರಣೆ ನಡೆದದ್ದು ದನದ ವ್ಯಾಪಾರವನ್ನೇ ನೆಚ್ಚಿಕೊಂಡ ಅಮರಿಲ್ಲೊ ಪಟ್ಟಣದಲ್ಲಿ. ಓಪ್ರಾ ತಮ್ಮ ಕಾರ್ಯಕ್ರಮವನ್ನೇ ಆ ಊರಿಗೆ ಎತ್ತಿಕೊಂಡು ಹೋದರು. ಹಗಲು ನ್ಯಾಯಾಲಯ, ಸಂಜೆ ಅಲ್ಲಿನದೇ ರಂಗಮಂದಿರದಲ್ಲಿ ಸಭೆ. 1998ರ ಫೆಬ್ರುವರಿ 26ರಂದು ನ್ಯಾಯದರ್ಶಿಗಳು ಆಕೆಯ ಪರವಾಗಿ ತೀರ್ಪಿತ್ತರು. ದನಗಳಿಗೆ ಅಂಥ ಆಹಾರ ತಿನ್ನಿಸುವುದನ್ನು ಅಮೆರಿಕ ಸರ್ಕಾರ 1997ರಲ್ಲಿಯೇ ನಿಷೇಧಿಸಿತ್ತೆಂಬುದನ್ನು ನೆನೆದರೆ, ಆ ಸಂಚಿಕೆ ಎತ್ತಿದ ಪ್ರಶ್ನೆ ಪೊಳ್ಳಾಗಿರಲಿಲ್ಲ. ಆದರೆ ಒಂದು ಮಾತನ್ನು ಸೇರಿಸಬೇಕು. ಉದ್ಯಮದ ಪರವಾಗಿ ಬಂದಿದ್ದ ತಜ್ಞರ ಮಾತಿನಲ್ಲಿ ಬಹುಭಾಗವನ್ನು ಪ್ರಸಾರಕ್ಕೆ ಮುನ್ನ ಕತ್ತರಿಸಿ ತೆಗೆಯಲಾಗಿತ್ತು. ಮುಂದಿನ ವಾರ ಅವರಿಗೆ ಮತ್ತೆ ಅವಕಾಶ ಕೊಟ್ಟರು, ನಿಜ. ಮಾತಾಡುವ ಹಕ್ಕನ್ನು ನ್ಯಾಯಾಲಯ ಕಾಪಾಡಬಲ್ಲದು. ಎದುರಾಳಿಯ ಮಾತನ್ನು ಪೂರ್ತಿಯಾಗಿ ಕೇಳಿಸುವ ಸೌಜನ್ಯವನ್ನು ಯಾವ ನ್ಯಾಯಾಲಯವೂ ಕಲಿಸಲಾರದು.

ಸಾಹಿತ್ಯದ ವಿದ್ಯಾರ್ಥಿಯಾದ ನನ್ನನ್ನು ಹೆಚ್ಚಾಗಿ ಕಾಡಿದ್ದು ಪುಸ್ತಕಗಳ ಜಗಳ. 1996ರ ಸೆಪ್ಟೆಂಬರಿನಲ್ಲಿ ಓಪ್ರಾ ಓದುಗರ ಬಳಗವೊಂದನ್ನು ಆರಂಭಿಸಿದರು. ಆಕೆ ಎತ್ತಿ ಹಿಡಿದ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಗತೊಡಗಿತು. 2001ರಲ್ಲಿ ಜೊನಾಥನ್ ಫ್ರಾನ್ಜೆನ್ ಅವರ ‘ದಿ ಕರೆಕ್ಷನ್ಸ್’ ಕಾದಂಬರಿಯನ್ನು ಆರಿಸಿದಾಗ, ರಕ್ಷಾಪುಟದ ಮೇಲೆ ಆಕೆಯ ಬಳಗದ ಮುದ್ರೆ ಬೀಳುವುದಕ್ಕೆ ಲೇಖಕರೇ ಮುಜುಗರ ತೋರಿದರು. ಬಳಗದ ಕೆಲವು ಆಯ್ಕೆಗಳು ತೀರ ಭಾವುಕವೆಂದೂ ಅಂದರು. ಓಪ್ರಾ ಜಗಳಕ್ಕೆ ಹೋಗಲಿಲ್ಲ. ಕೊಟ್ಟ ಆಹ್ವಾನವನ್ನು ಹಿಂದಕ್ಕೆ ಪಡೆದರು. ಮನೆಯ ಕೆಲಸಗಳ ನಡುವೆ ಓದುವ ಹೆಂಗಸರು ಮೆಚ್ಚಿದರೆ ಕೃತಿಯ ತೂಕ ಕಡಮೆಯಾಗುತ್ತದೆಯೆ? ಈ ಪ್ರಶ್ನೆ ಅಮೆರಿಕದ್ದು ಮಾತ್ರವಲ್ಲವೆಂಬುದು ನಮ್ಮಲ್ಲಿ ಜನಪ್ರಿಯ ಕಾದಂಬರಿಗಳ ಬಗ್ಗೆ ನಡೆದ ಚರ್ಚೆಗಳನ್ನು ಬಲ್ಲವರಿಗೆ ಗೊತ್ತು. ಒಂಬತ್ತು ವರ್ಷಗಳ ಮೇಲೆ, 2010ರಲ್ಲಿ, ಆಕೆ ಅದೇ ಲೇಖಕರ ಮತ್ತೊಂದು ಕಾದಂಬರಿಯನ್ನು ಆರಿಸಿದರು. ಈ ಬಾರಿ ಅವರು ಬಂದು ಕುಳಿತರು.

ಇನ್ನು ಎಲ್ಲಕ್ಕಿಂತ ದೊಡ್ಡ ಪ್ರಕರಣ. ಜೇಮ್ಸ್ ಫ್ರೇ ಎಂಬುವರು ತಮ್ಮ ಕುಡಿತ, ಮಾದಕವಸ್ತುಗಳ ಚಟ ಮತ್ತು ಅವುಗಳಿಂದ ಬಿಡುಗಡೆ ಪಡೆದ ಬಗೆಯನ್ನು ಕುರಿತು ‘ಎ ಮಿಲಿಯನ್ ಲಿಟಲ್ ಪೀಸಸ್’ ಎಂಬ ಆತ್ಮಕಥನ ಬರೆದಿದ್ದರು. 2005ರಲ್ಲಿ ಓಪ್ರಾ ಅದನ್ನು ಆರಿಸಿದರು. 2006ರ ಜನವರಿ 8ರಂದು ಅಂತರ್ಜಾಲ ಪತ್ರಿಕೆಯೊಂದು ಪೊಲೀಸ್ ದಾಖಲೆಗಳನ್ನು ತೆಗೆದು ತೋರಿಸಿತು. ಸುಮಾರು ಮೂರು ತಿಂಗಳ ಸೆರೆವಾಸವೆಂದು ಫ್ರೇ ಬರೆದದ್ದು ನಿಜದಲ್ಲಿ ಕೆಲವೇ ಗಂಟೆಗಳದು. ಮೂರು ದಿನಗಳ ಮೇಲೆ ಫ್ರೇ ದೂರದರ್ಶನದಲ್ಲಿ ಲ್ಯಾರಿ ಕಿಂಗ್ ಅವರ ಎದುರು ಕುಳಿತಿದ್ದಾಗ ಓಪ್ರಾ ದೂರವಾಣಿಯಲ್ಲಿ ಬಂದು ಲೇಖಕರ ಪರ ನಿಂತರು. ವಿವರಗಳು ಹೇಗಾದರೂ ಇರಲಿ, ಪುಸ್ತಕದ ಒಳದನಿ ತನ್ನನ್ನು ಇನ್ನೂ ತಟ್ಟುತ್ತದೆ ಎಂಬುದು ಆಕೆಯ ವಾದ. ಓದುಗರು ಕೆರಳಿದರು. ಜನವರಿ 26ರಂದು ಆಕೆ ಫ್ರೇ ಅವರನ್ನೂ ಅವರ ಪ್ರಕಾಶಕಿಯನ್ನೂ ವೇದಿಕೆಗೆ ಕರೆದು, ಮೊದಲು ತಮ್ಮ ತಪ್ಪನ್ನು ಒಪ್ಪಿಕೊಂಡರು. ಸತ್ಯ ಮುಖ್ಯವಲ್ಲವೆಂಬ ಭಾವನೆ ಬರುವಂತೆ ತಾವು ಮಾತಾಡಿದ್ದಕ್ಕೆ ಕ್ಷಮೆ ಕೇಳಿದರು. ಆಮೇಲೆ ಲೇಖಕರನ್ನು ಒಂದೊಂದೇ ಸುಳ್ಳಿನ ಮೇಲೆ ನಿಲ್ಲಿಸಿ ವಿಚಾರಿಸಿದರು. ಸಭೆ ಹೌದೆಂದು ಗುನುಗಿತು. ಪತ್ರಿಕೆಗಳು ಹೊಗಳಿದವು.

ಸಾಹಿತ್ಯದ ದೃಷ್ಟಿಯಿಂದ ಓಪ್ರಾ ಅವರ ಎರಡನೆಯ ನಿಲುವೇ ಸರಿ. ಆ ಬರಹವನ್ನು ಮೊದಲು ಕಾದಂಬರಿಯೆಂದೇ ಪ್ರಕಾಶಕರಿಗೆ ತೋರಿಸಲಾಗಿತ್ತೆಂದು ಫ್ರೇ ಹೇಳಿದ್ದುಂಟು. ಅದೇ ವಾಕ್ಯಗಳು ಕಾದಂಬರಿಯಲ್ಲಿದ್ದರೆ ಕಲ್ಪನೆ, ಆತ್ಮಕಥನದಲ್ಲಿದ್ದರೆ ಸುಳ್ಳು. ಓದುಗನೊಡನೆ ಲೇಖಕ ಮಾಡಿಕೊಂಡ ಒಡಂಬಡಿಕೆಯೇ ಈ ವ್ಯತ್ಯಾಸಕ್ಕೆ ಕಾರಣ. ‘ಇದು ನಡೆದದ್ದು’ ಎಂಬ ಮಾತಿಗೆ ಬೆಲೆಯಿಲ್ಲವಾದರೆ ನಿಜವಾಗಿ ನೊಂದವರ ಕಥೆಯನ್ನು ನಾಳೆ ಯಾರು ನಂಬುತ್ತಾರೆ?

ಇಷ್ಟೆಲ್ಲ ಒಪ್ಪಿಯೂ ಆ ದಿನದ ದೃಶ್ಯವನ್ನು ನಾನು ನೆಮ್ಮದಿಯಿಂದ ನೆನೆಯಲಾರೆ. ಕಾರಣ ನನ್ನ ಜೀವನದಲ್ಲಿದೆ. ನಾನು ಅಧ್ಯಾಪಕನಾದ ಹೊಸತರಲ್ಲಿ ಒಬ್ಬ ಹುಡುಗ ಕಾಲೇಜಿನ ವಾರ್ಷಿಕ ಸಂಚಿಕೆಗೆ ತನ್ನ ತಂದೆಯ ಮರಣದ ಬಗ್ಗೆ ಪ್ರಬಂಧ ಬರೆದುಕೊಟ್ಟ. ಓದಿ ನನ್ನ ಕಣ್ಣು ಒದ್ದೆಯಾಗಿತ್ತು. ತಂದೆ ಬದುಕಿದ್ದಾರೆಂದು ಮುಂದೆ ತಿಳಿಯಿತು. ಮೋಸಹೋದೆನೆಂಬ ಸಿಟ್ಟಿನಲ್ಲಿ, ತುಂಬಿದ ತರಗತಿಯಲ್ಲಿ ಅವನನ್ನು ಎಬ್ಬಿಸಿ ನಿಲ್ಲಿಸಿ, “ನಿಮ್ಮ ತಂದೆ ಇದ್ದಾರೇನಯ್ಯಾ?” ಎಂದು ಕೇಳಿದೆ. “ಇದ್ದಾರೆ ಸಾರ್” ಎಂದ. ತರಗತಿ ಗೊಳ್ಳೆಂದು ನಕ್ಕಿತು. ನಾನು ಸತ್ಯದ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಅದು ಚೆನ್ನಾಗಿಯೇ ಇತ್ತೆಂದು ನೆನಪು. ಆ ಹುಡುಗ ಮತ್ತೆ ನನ್ನ ಪಾಠಕ್ಕೆ ಬರಲಿಲ್ಲ. ಪರೀಕ್ಷೆ ಬರೆದ, ತೇರ್ಗಡೆಯಾದ, ಊರು ಬಿಟ್ಟ. ಏಕೆ ಹಾಗೆ ಬರೆದನೆಂಬುದು ನನಗೆ ಇಂದಿಗೂ ತಿಳಿಯದು. ಏಕೆಂದರೆ ನಾನು ಅದನ್ನು ಕೇಳಲೇ ಇಲ್ಲ. ತಂದೆ ಇದ್ದಾರೆಯೆ ಎಂದಷ್ಟೇ ಕೇಳಿದ್ದೆ, ಅದರ ಉತ್ತರ ನನಗೆ ಮೊದಲೇ ಗೊತ್ತಿತ್ತು.

ಸುಳ್ಳನ್ನು ತಿದ್ದುವುದು ಬೇರೆ, ಸುಳ್ಳು ಹೇಳಿದವನನ್ನು ಸಭೆಗೆ ಉಣಬಡಿಸುವುದು ಬೇರೆ. ಮೋಸಹೋದವರ ಸಿಟ್ಟಿನಲ್ಲಿ ಈ ಗೆರೆ ಅಳಿಸಿಹೋಗುತ್ತದೆ. ಓಪ್ರಾ ಅದನ್ನು ಕಂಡುಕೊಳ್ಳಲು ಐದು ವರ್ಷ ಬೇಕಾಯಿತು. ತಮ್ಮ ಕಾರ್ಯಕ್ರಮದ ಕೊನೆಯ ದಿನಗಳಲ್ಲಿ, 2011ರ ಮೇ ತಿಂಗಳಿನಲ್ಲಿ, ಫ್ರೇ ಅವರನ್ನು ಮತ್ತೆ ಕರೆದು ಎರಡು ದಿನ ಮಾತಾಡಿದರು. ಅಂದು ತನ್ನಲ್ಲಿ ಕರುಣೆಯಿರಲಿಲ್ಲವೆಂದು ಕ್ಷಮೆ ಕೇಳಿದರು. ಹಿಂದೆ ಕೇಳಿದ್ದ ಪ್ರಶ್ನೆಗಳು ತಪ್ಪೆಂದು ಆಕೆ ಹೇಳಲಿಲ್ಲ. ಕೇಳಿದ ರೀತಿಗೆ ಮಾತ್ರ ಪಶ್ಚಾತ್ತಾಪಪಟ್ಟರು. ಪ್ರಕಾಶಕರ ವಿಷಯದಲ್ಲಿಯೂ ಒಂದು ಸ್ವಾರಸ್ಯವಿದೆ. ಮೋಸಹೋದ ಓದುಗರಿಗೆ ಹಣ ಹಿಂದಿರುಗಿಸಲು ಅವರು ಒಪ್ಪಿದಾಗ, ಕೇಳಿಕೊಂಡು ಬಂದವರು ಎರಡು ಸಾವಿರಕ್ಕಿಂತ ಕಡಮೆ. ಸಿಟ್ಟಿನ ಗದ್ದಲಕ್ಕೂ ನಿಜವಾದ ನಷ್ಟದ ಲೆಕ್ಕಕ್ಕೂ ಇಷ್ಟು ಅಂತರ.

ಆಕೆ ಮತ್ತೆ ಎಡವಲಿಲ್ಲವೆಂದಲ್ಲ. 2012ರ ಜನವರಿಯಲ್ಲಿ ನಮ್ಮ ದೇಶಕ್ಕೆ ಬಂದು, ಇಲ್ಲಿ ಕೆಲವರು ಇನ್ನೂ ಕೈಯಿಂದಲೇ ಉಣ್ಣುತ್ತಾರಂತಲ್ಲ ಎಂಬರ್ಥದ ಮಾತಾಡಿ ನಮ್ಮವರ ಸಿಟ್ಟಿಗೆ ಗುರಿಯಾದರು. ಮತ್ತೆ ಊಟದ ಜಗಳ! 2020ರಲ್ಲಿ ಆಕೆ ಆರಿಸಿದ ‘ಅಮೆರಿಕನ್ ಡರ್ಟ್’ ಎಂಬ ಕಾದಂಬರಿ, ಮೆಕ್ಸಿಕೊದಿಂದ ವಲಸೆ ಬರುವವರನ್ನು ಹೊರಗಿನವರ ಕಣ್ಣಿನಿಂದ ತಪ್ಪಾಗಿ ಚಿತ್ರಿಸಿದೆಯೆಂಬ ಆಕ್ಷೇಪಕ್ಕೆ ಒಳಗಾಯಿತು. ಆಯ್ಕೆಯನ್ನು ಹಿಂದಕ್ಕೆ ಪಡೆಯಬೇಕೆಂದು ನೂರಕ್ಕೂ ಹೆಚ್ಚು ಲೇಖಕರು ಪತ್ರ ಬರೆದರು. ಈ ಬಾರಿ ಓಪ್ರಾ ಲೇಖಕಿಯನ್ನು ದೂರವಾಣಿಯಲ್ಲಿ ವಹಿಸಿಕೊಂಡು ವಾದಿಸಲಿಲ್ಲ, ವೇದಿಕೆಯಲ್ಲಿ ದಂಡಿಸಲೂ ಇಲ್ಲ. ಆಕ್ಷೇಪವೆತ್ತಿದ ಲೇಖಕಿಯರನ್ನೂ ಜೊತೆಗೆ ಕೂರಿಸಿ ಮಾತಾಡಿಸಿದರು. ಎಲ್ಲರಿಗೂ ಸಮಾಧಾನವಾಗಲಿಲ್ಲ. ಆದರೆ ಯಾರ ಮುಖವೂ ಆ ಹೆಂಡತಿಯ ಮುಖದಂತೆ ಆಗಲಿಲ್ಲ.

ಮಾತು ಬಲ್ಲವರಿಗೆ ಜಗಳವಿಲ್ಲವೆಂಬ ಗಾದೆ ಸುಳ್ಳೇ? ಹಾಗೆನ್ನಲಾರೆ. ಮಾತು ಬಲ್ಲದ್ದು ಎಂದರೆ ನಾಲಿಗೆಯ ಚಾತುರ್ಯವೆಂದು ನಾವು ತಿಳಿದಿದ್ದೇವೆ. ಆಡಿದ ಮಾತನ್ನು ಹಿಂದಕ್ಕೆ ಪಡೆಯಬೇಕಾದಾಗ ಪಡೆಯುವುದು, ತಪ್ಪು ಮಾಡಿದವನಿಗೂ ಉತ್ತರ ಹೇಳಲು ಎಡೆ ಕೊಡುವುದು, ಇವೂ ಮಾತು ಬಲ್ಲವರ ಲಕ್ಷಣಗಳೇ. ಅವನ್ನು ಕಲಿಯಲು ಓಪ್ರಾ ವಿನ್‌ಫ್ರಿ ಅವರಿಗೆ ಒಂದು ಆಯುಷ್ಯ ಹಿಡಿಯಿತು, ಕಲಿತದ್ದನ್ನು ಆಕೆ ಎಲ್ಲರೆದುರಿಗೆ ಒಪ್ಪಿಕೊಂಡರು. ನಾನು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತಿರುವುದು ಈ ಮೈಕಿನ ಮುಂದೆ, ಒಬ್ಬನೇ ಕುಳಿತು. ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಎಲ್ಲಾದರೂ ಕೇಳುತ್ತಿದ್ದರೆ, ಅಂದು ಕೇಳದೆ ಬಿಟ್ಟ ಪ್ರಶ್ನೆಯನ್ನು ಈಗಲಾದರೂ ಕೇಳುವ ಆಸೆ ನನಗಿದೆ.