ದಂಡನೀತಿಯ ಮೊದಲ ಪಾಠ



ಕಾಯಿದೆಯನ್ನು ಕಲಿಯತಕ್ಕವರಿಗೆ ನೀತಿಯ ಪಾಠವೇತಕ್ಕೆ ಎಂದು ಕೇಳುವವರುಂಟು. ಕಾಯಿದೆಯು ಅಧಿಕಾರವನ್ನು ಕೊಡುತ್ತದೆ. ಅದನ್ನು ಯಾವ ಮನಸ್ಸಿನಿಂದ ಬಳಸತಕ್ಕದ್ದೆಂಬುದನ್ನು ನೀತಿಯು ಹೇಳುತ್ತದೆ. ಈಗಿನ ಹಾವೇರಿ ಜಿಲ್ಲೆಯ ನಾಲ್ಕು ಊರುಗಳನ್ನೇ ನೋಡಿರಿ. 1948ರವರೆಗೆ ಸವಣೂರು ನವಾಬರ ಸಂಸ್ಥಾನವಾಗಿತ್ತು. ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರುಗಳು ಮುಂಬಯಿ ಆಡಳಿತಕ್ಕೆ ಸೇರಿದ್ದವು. ಕೆಲವು ಹರದಾರಿ ನಡೆದರೆ ದೊರೆತನವೇ ಬೇರೆಯಾಗುತ್ತಿತ್ತು. 1860ರ ದಂಡಸಂಹಿತೆಯ ಸ್ಥಾನಕ್ಕೂ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯು ಬಂದಿದೆ. ಗಡಿಗಳೂ ಕಾಯಿದೆಗಳೂ ಬದಲಾದುವು. ನಮ್ಮ ಕೈವಶನಾದ ಮನುಷ್ಯನೊಡನೆ ಹೇಗೆ ನಡೆದುಕೊಳ್ಳಬೇಕೆಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಈ ಪ್ರಶ್ನೆಯನ್ನು ವಿವರಿಸಲು ನಾವು ತರಗತಿಯಲ್ಲಿ ‘ರಾಮಧಾನ್ಯ ಚರಿತೆ’ಯನ್ನು ತೆಗೆದುಕೊಳ್ಳುವುದುಂಟು. ಅದನ್ನು ರಚಿಸಿದ ಕನಕದಾಸರು ಶಿಗ್ಗಾವಿ ತಾಲ್ಲೂಕಿನ ಬಾಡದವರು. ಭತ್ತಕ್ಕೂ ರಾಗಿಗೂ ತಾನು ಹೆಚ್ಚು, ತಾನು ಹೆಚ್ಚು ಎಂಬ ವ್ಯಾಜ್ಯ ಹುಟ್ಟುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಭತ್ತ ಕಳೆಗುಂದಿರುತ್ತದೆ. ರಾಗಿ ಕೆಡದೆ ನಿಂತಿರುತ್ತದೆ. ಗೆಲುವು ರಾಗಿಗೆ ಸಲ್ಲುತ್ತದೆ.

ಇಲ್ಲಿ ಎರಡು ತತ್ತ್ವಗಳು ಸ್ಪಷ್ಟವಾಗಿವೆ. ಎರಡು ಕಡೆಯ ಮಾತನ್ನೂ ಕೇಳಬೇಕು. ಸಿರಿವಂತರ ಅನ್ನವೆಂದು ಒಂದನ್ನು ಮೇಲೆ, ಬಡವರ ಹಿಟ್ಟೆಂದು ಇನ್ನೊಂದನ್ನು ಕೆಳಗೆ ಇಡಕೂಡದು.

ಆದರೆ ಒಮ್ಮೆ ಹಿರೇಕೆರೂರಿನ ಕಡೆಯ ವಿದ್ಯಾರ್ಥಿಯೊಬ್ಬನು, “ತಪ್ಪನ್ನೇ ಮಾಡದ ರಾಗಿಗೆ ಆರು ತಿಂಗಳ ಸೆರೆಯೇಕೆ ಸ್ವಾಮಿ?” ಎಂದು ಕೇಳಿದನು. ನಾವು ಕ್ಷಣಕಾಲ ನಿರುತ್ತರರಾದೆವು. ಕಾವ್ಯದಲ್ಲಿ ಸೆರೆಯೇ ಪರೀಕ್ಷೆ. ಕಾಳಿಗೆ ಮನೆಯಲ್ಲಿ ಕಾದಿರುವ ಮಕ್ಕಳಿಲ್ಲ. ಮನುಷ್ಯನ ಮಾತು ಹಾಗಲ್ಲ. ಸೆರೆಯಲ್ಲಿ ಯಾರು ಕುಗ್ಗಿದರು, ಯಾರು ಕುಗ್ಗಲಿಲ್ಲ ಎಂಬುದರಿಂದ ಅಪರಾಧವು ನಿರ್ಣಯವಾಗಲಾರದು. ಆಪಾದಿತನು ಅಪರಾಧಿಯೆಂದು ಸಿದ್ಧವಾಗುವವರೆಗೆ ನಿರಪರಾಧಿಯೇ, ವಿಚಾರಣೆಯೇ ಶಿಕ್ಷೆಯಾಗಕೂಡದು. ಇದು ಮೂರನೆಯ ತತ್ತ್ವ, ಮತ್ತು ನಾವು ಬಹು ಬೇಗ ಮರೆಯುವ ತತ್ತ್ವ.

2022ರ ಕೊನೆಗೆ ಭಾರತದ ಸೆರೆಮನೆಗಳಲ್ಲಿ ಸುಮಾರು 5,73,000 ಜನರಿದ್ದರು. ಅವರಲ್ಲಿ ಸುಮಾರು 4,34,000 ಮಂದಿ ವಿಚಾರಣೆ ಮುಗಿಯದವರು. ಅಂದರೆ ನಾಲ್ವರಲ್ಲಿ ಮೂವರು ತೀರ್ಪಿಲ್ಲದೆಯೇ ಒಳಗಿದ್ದರು.

ಇದಕ್ಕೆ ಕಾಯಿದೆಯಲ್ಲಿ ಪರಿಹಾರವಿಲ್ಲದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಪ್ರಕರಣದಂತೆ, ಮರಣದಂಡನೆ, ಯಾವಜ್ಜೀವ ಶಿಕ್ಷೆಗಳಿಗೆ ಗುರಿಯಾಗಬಹುದಾದ ಆಪಾದನೆಗಳೇ ಮೊದಲಾದುವನ್ನು ಬಿಟ್ಟರೆ, ಆ ಅಪರಾಧಕ್ಕೆ ವಿಧಿಸಬಹುದಾದ ಗರಿಷ್ಠ ಶಿಕ್ಷೆಯ ಅರ್ಧಕಾಲವನ್ನು ಒಳಗೆ ಕಳೆದವನನ್ನು ಸಾಮಾನ್ಯವಾಗಿ ಜಾಮೀನಿನ ಮೇಲೆ ಬಿಡತಕ್ಕದ್ದು. ಹಿಂದೆಂದೂ ಅಪರಾಧಿಯೆಂದು ತೀರ್ಮಾನವಾಗದವನಿಗೆ ಮೂರರಲ್ಲೊಂದು ಪಾಲು ಸಾಕು. ಆ ದಿನ ಬಂದೊಡನೆ ಸೆರೆಮನೆಯ ಅಧೀಕ್ಷಕರೇ ನ್ಯಾಯಾಲಯಕ್ಕೆ ಅರ್ಜಿ ಬರೆಯಬೇಕೆಂದೂ ಅಲ್ಲಿ ವಿಧಿಸಿದೆ.

ಆದರೆ ದಿನಗಳನ್ನು ಎಣಿಸತಕ್ಕವರು ಯಾರು? ವಕೀಲನಿಲ್ಲದ, ಓದು ಬಾರದ ಬಡವನ ಲೆಕ್ಕವನ್ನು ಯಾರೂ ಬರೆದಿಡದೆ ಹೋದರೆ ಕಾಯಿದೆಯು ಪುಸ್ತಕದಲ್ಲಿಯೇ ಉಳಿಯುವುದು. ಅಧಿಕಾರಿಯು ಲಂಚ ಮುಟ್ಟದಿದ್ದರೆ ಸಾಲದು, ಕೈಯೆತ್ತದಿದ್ದರೂ ಸಾಲದು. ತನ್ನನ್ನು ಕೇಳಲಾರದವನ ದಿನಗಳನ್ನು ತಾನಾಗಿ ಎಣಿಸಬೇಕು.

ಆ ವಿದ್ಯಾರ್ಥಿಯ ಪ್ರಶ್ನೆಗೆ ನಮಗೆ ತೋರುವ ಉತ್ತರವಿಷ್ಟೆ. ನಾಳೆ ಅವನೇ ಪೋಲೀಸು ಠಾಣೆಯಲ್ಲೋ ಸೆರೆಮನೆಯ ಕಚೇರಿಯಲ್ಲೋ ಕುಳಿತಾಗ ಆ ಪ್ರಶ್ನೆಯನ್ನು ಮರೆಯದಿರಲಿ.