ಗದ್ದಲದಾಚೆಯ ಠರಾವು

ಕೌನ್ಸಿಲ್ ಸಭೆ ಎಂದರೆ ಗದ್ದಲ ಎಂಬ ಭಾವನೆ ಜನರಲ್ಲಿದೆ. ನಳದಲ್ಲಿ ನೀರಿಲ್ಲ, ಚರಂಡಿ ತುಂಬಿದೆ ಎಂದು ಸದಸ್ಯರು ಮೇಜು ಗುದ್ದಿದ್ದು ಮರುದಿನ ಸುದ್ದಿ. ಆದರೆ ಕಾನೂನು ಲೆಕ್ಕಕ್ಕೆ ಹಿಡಿಯುವುದು ನಡಾವಳಿ ಪುಸ್ತಕದಲ್ಲಿ ಬರೆದದ್ದನ್ನು ಮಾತ್ರ. 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ್ ಸೀಮೆಯಲ್ಲಿ ಅದಕ್ಕೆ ‘ಠರಾವು’ ಎನ್ನುತ್ತಾರೆ.

2011ರ ಜನಗಣತಿಯಲ್ಲಿ ಬೀದರ್ 2 ಲಕ್ಷ ದಾಟಿತ್ತು, ಭಾಲ್ಕಿ 40 ಸಾವಿರ, ಔರಾದ್ 20 ಸಾವಿರದ ಆಸುಪಾಸು. ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ ಎಂದು ಹೆಸರು ಬೇರೆಯಾದದ್ದು ಈ ಲೆಕ್ಕದಿಂದ. ಮೂರನ್ನೂ ರೂಪಿಸಿದ್ದು 1964ರ ಪೌರಸಭೆಗಳ ಕಾಯ್ದೆಯೇ.

ಈ ಕಾಯ್ದೆಯಂತೆ ವಾರ್ಡಿನಿಂದ ಗೆದ್ದವರ ಜತೆ ಶಾಸಕರು, ಸಂಸದರಿಗೂ ಮತವಿದೆ. ನಾಮನಿರ್ದೇಶಿತರು ಮಾತಾಡಬಹುದು, ಮತ ಹಾಕುವಂತಿಲ್ಲ. ಔರಾದಿನಂಥ ಸಣ್ಣ ಸಭೆಯಲ್ಲಿ ಬಲಾಬಲ ಸಮವಾದರೆ ಶಾಸಕರ ಒಂದು ಮತವೇ ಅಧ್ಯಕ್ಷರನ್ನು ತೀರ್ಮಾನಿಸಬಹುದು. ವಾರ್ಡಿನ ಮತದಾರ ಇದನ್ನು ಗಮನಿಸುವುದು ಕಡಿಮೆ.

ಠರಾವು ಪಾಸಾದ ಮಾತ್ರಕ್ಕೆ ಚರಂಡಿ ಸ್ವಚ್ಛವಾಗದು. ಜಾರಿ ಮಾಡಬೇಕಾದವರು ನಗರಸಭೆಯಲ್ಲಿ ಪೌರಾಯುಕ್ತರು, ಉಳಿದೆಡೆ ಮುಖ್ಯಾಧಿಕಾರಿ. ಇವರನ್ನು ನೇಮಿಸುವುದು ಸರ್ಕಾರ, ಸಭೆಯಲ್ಲ. ಠರಾವು ಕಾನೂನುಬಾಹಿರ ಎನಿಸಿದರೆ ಜಿಲ್ಲಾಧಿಕಾರಿ ತಡೆಹಿಡಿಯಬಹುದು.

ಸಭೆಯೇ ಇಲ್ಲದಿದ್ದರೆ? 2018ರಲ್ಲಿ ಚುನಾವಣೆ ನಡೆದ ರಾಜ್ಯದ ಹಲವು ಊರುಗಳಲ್ಲಿ ಮೀಸಲಾತಿಯ ತಕರಾರು ಕೋರ್ಟಿಗೆ ಹೋಗಿ, ಅಧ್ಯಕ್ಷರ ಆಯ್ಕೆ 2020ರ ತನಕ ಮುಂದಕ್ಕೆ ಹೋಯಿತು. ಅಷ್ಟೂ ದಿನ ಆಡಳಿತಾಧಿಕಾರಿಯದೇ ಸಹಿ. ಗೆದ್ದ ಸದಸ್ಯರಿಗೆ ಗುದ್ದಲು ಮೇಜೂ ಇರಲಿಲ್ಲ.