ಕ್ಯಾನ್ಸರ್ ರೋಗಿಯ ಎದೆಯ ಪೋರ್ಟ್: ಮನೆಯವರಿಗೆ ನಾಲ್ಕು ಮಾತು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಯಿಂದ ಕ್ಯಾನ್ಸರ್ ಚಿಕಿತ್ಸೆಗೆಂದು ಹೊರಡುವವರಲ್ಲಿ ಕೆಲವರು ಮಿರಜಕ್ಕೆ, ಕೆಲವರು ಹುಬ್ಬಳ್ಳಿಯ ನವನಗರಕ್ಕೆ, ಮತ್ತೆ ಕೆಲವರು 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುತ್ತಾರೆ. ಔಷಧಿ ಏರಿಸಿಕೊಂಡು ಊರಿಗೆ ಮರಳುತ್ತಾರೆ. ಮುಂದಿನ ಸರದಿ ಬರುವುದು ಅನೇಕ ವೇಳೆ ಎರಡು ಮೂರು ವಾರಗಳ ಮೇಲೆ. ನಡುವಣ ದಿನಗಳಲ್ಲಿ ರೋಗಿಯನ್ನು ಕಣ್ಣಿಟ್ಟು ಕಾಯುವವರು ವೈದ್ಯರಲ್ಲ, ಮನೆಯವರು. ಇಂದಿನ ನನ್ನ ಮಾತು ಅವರಿಗಾಗಿ.

“ನರ ಸಿಗುತ್ತಿಲ್ಲ” ಎಂದು ದಾದಿಯರು ಹೇಳುವುದನ್ನು ಕೇಳಿರುವಿರಿ. ಆಡುಮಾತಿನಲ್ಲಿ ನಾವು ನರವೆನ್ನುವುದು ರಕ್ತನಾಳವನ್ನೇ. ಕ್ಯಾನ್ಸರ್ ಔಷಧಿಗಳಲ್ಲಿ ಕೆಲವು ಬಹಳ ತೀಕ್ಷ್ಣವಾದವು. ಕೈಯ ಸಣ್ಣ ನಾಳಗಳು ಅವನ್ನು ಪದೇ ಪದೇ ತಾಳಲಾರವು. ಅದಕ್ಕೆಂದೇ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಪುಟ್ಟ ಡಬ್ಬಿಯೊಂದನ್ನು ಎದೆಯ ಮೇಲ್ಭಾಗದ ಚರ್ಮದಡಿ ಇರಿಸುತ್ತಾರೆ. ಅದರಿಂದ ಹೊರಟ ತೆಳು ಕೊಳವೆ ಹೃದಯದ ಸಮೀಪದ ದೊಡ್ಡ ರಕ್ತನಾಳವನ್ನು ಸೇರುತ್ತದೆ. ಇದೇ ಪೋರ್ಟ್. ಅಮೆರಿಕದ ಡಾಕ್ಟರ್ ನೀಡರ್‌ಹ್ಯೂಬರ್ ಮತ್ತು ಸಂಗಡಿಗರು ಕ್ಯಾನ್ಸರ್ ರೋಗಿಗಳಲ್ಲಿ ಇದರ ಬಳಕೆಯನ್ನು 1982ರಲ್ಲಿ ಪ್ರಕಟಿಸಿದರು. ಗಾಯ ಮಾಗಿದ ಮೇಲೆ ರೋಗಿ ಸ್ನಾನ ಮಾಡಬಹುದು, ಹಗುರ ಕೆಲಸಕ್ಕೂ ಹೋಗಬಹುದು. ಬಹುಮಂದಿಗೆ ಇದು ದೊಡ್ಡ ಉಪಕಾರವೇ ಸರಿ.

ಆದರೆ ಇದು ರಕ್ತಕ್ಕೆ ನೇರವಾಗಿ ತೆರೆಯುವ ಬಾಗಿಲು. ಬಾಗಿಲಿದ್ದ ಮೇಲೆ ಕಾವಲೂ ಬೇಕು.

ಮೊದಲನೆಯ ಭಯ ಸೋಂಕಿನದು. ಔಷಧಿ ಏರಿಸಿದ ಕೆಲವು ದಿನಗಳ ಮೇಲೆ ರೋಗಿಯ ಬಿಳಿ ರಕ್ತಕಣಗಳು ಇಳಿಯುತ್ತವೆ. ರೋಗಾಣುಗಳೊಡನೆ ಹೋರಾಡುವ ಬಲ ಕುಗ್ಗುತ್ತದೆ. ಬನಹಟ್ಟಿಯ ಒಬ್ಬ ನೇಕಾರನಿಗೆ ರಾತ್ರಿ ಹತ್ತಕ್ಕೆ ಚಳಿ ಹಿಡಿದು ಜ್ವರ ಬಂತೆಂದು ಭಾವಿಸಿರಿ. ಮನೆಯಾಕೆ ಕಂಬಳಿ ಹೊದಿಸಿ, ಗುಳಿಗೆಯೊಂದನ್ನು ಕೊಟ್ಟು, “ಬೆಳಗಾಗಲಿ, ನೋಡೂಣು” ಎನ್ನುತ್ತಾಳೆ. ಪ್ರೀತಿಯಿಂದ ಮಾಡಿದ್ದೇ, ಆದರೆ ಇಲ್ಲಿಯೇ ಅಪಾಯ. ಗುಳಿಗೆ ಜ್ವರವನ್ನು ಮರೆಮಾಡಬಹುದು. ಬೆಳಗಾಗುವುದರೊಳಗೆ ನಂಜು ಮೈಯೆಲ್ಲ ಹರಡಿರಬಹುದು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಇಲ್ಲವೆ ಮೈ ನಡುಗಿದರೆ, ಆಗಲೇ ಚಿಕಿತ್ಸೆ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿರಿ. ಅದು ದೂರವಾದರೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿರಿ. ಪೋರ್ಟಿನೊಳಗೆ ಔಷಧಿ ಇಲ್ಲವೆ ನೀರು ಹಾಯಿಸಿದ ಸ್ವಲ್ಪ ಹೊತ್ತಿನಲ್ಲೇ ನಡುಕ ಹುಟ್ಟಿದರೆ ಕೊಳವೆಯಲ್ಲೇ ಸೋಂಕು ಇರಬಹುದೆಂದು ಶಂಕಿಸಬೇಕು. ಡಬ್ಬಿಯ ಮೇಲಿನ ಚರ್ಮ ಕೆಂಪಾಗುವುದು, ನೋಯುವುದು, ಕೀವು ಒಸರುವುದು, ಇವೂ ಅದೇ ಎಚ್ಚರಿಕೆ. ಅರಿಷಿಣ, ಸೊಪ್ಪು ಯಾವುದನ್ನೂ ಕಟ್ಟಬೇಡಿರಿ.

ಎರಡನೆಯದು ರಕ್ತ ಹೆಪ್ಪುಗಟ್ಟುವುದು. ಕೊಳವೆಯ ಸುತ್ತ ಹೆಪ್ಪುಗಟ್ಟಿದರೆ ಪೋರ್ಟ್ ಇರುವ ಕಡೆಯ ತೋಳು, ಕುತ್ತಿಗೆ, ಇಲ್ಲವೆ ಮುಖ ಬಾತುಕೊಳ್ಳುತ್ತದೆ. ಮಗ್ಗದ ಕೆಲಸದಿಂದಲೋ ಕಬ್ಬಿನ ಹೊರೆಯಿಂದಲೋ ಉಳುಕಿತೆಂದು ಎಣ್ಣೆ ಹಚ್ಚಿ ತಿಕ್ಕಬೇಡಿರಿ. ವೈದ್ಯರಿಗೆ ತೋರಿಸಿರಿ, ಇದಕ್ಕೆ ಔಷಧಿ ಉಂಟು. ಎದೆ ನೋವು, ಉಸಿರಿನ ತೊಂದರೆ ಕಂಡರಂತೂ ಒಂದು ಗಳಿಗೆಯೂ ಕಾಯಬಾರದು.

ಮೂರನೆಯದು ಕೊಳವೆ ಕಟ್ಟಿಕೊಳ್ಳುವುದು, ಅಪರೂಪಕ್ಕೆ ಸೀಳುವುದು ಅಥವಾ ತುಂಡಾಗುವುದು. ಕೊರಳೆಲುಬು ಮತ್ತು ಮೊದಲ ಪಕ್ಕೆಲುಬಿನ ನಡುವೆ ಸಿಕ್ಕಿ ಕೊಳವೆ ಸವೆಯುವುದೂ ಉಂಟು. ಔಷಧಿ ಹರಿಯುವಾಗ ಉರಿಯಾದರೆ, ಊದಿಕೊಂಡರೆ, ತಕ್ಷಣ ನಿಲ್ಲಿಸಲು ಹೇಳಿರಿ. ಸಂಕೋಚ ಬೇಡ, ತೀಕ್ಷ್ಣ ಔಷಧಿ ಹೊರಗೆ ಸೋರಿದರೆ ಮಾಂಸವೇ ಸುಡುತ್ತದೆ. ಕಟ್ಟಿಕೊಂಡ ಕೊಳವೆಯನ್ನು ಸಣ್ಣ ಸಿರಿಂಜಿನಿಂದ ಬಲವಾಗಿ ನೂಕಬಾರದು. ಸಿರಿಂಜು ಸಣ್ಣದಾದಷ್ಟೂ ಒತ್ತಡ ಹೆಚ್ಚು. ಪೋರ್ಟಿಗೆ ಬೇರೆಯದೇ ಸೂಜಿಯುಂಟು. ಸಾಮಾನ್ಯ ಸೂಜಿ ಡಬ್ಬಿಯ ಮೇಲಣ ರಬ್ಬರಿನಂಥ ಮುಚ್ಚಳವನ್ನು ಕೊರೆದು ಕೆಡಿಸುತ್ತದೆ. ಆದುದರಿಂದ ತರಬೇತಿ ಪಡೆದವರ ಹೊರತು ಯಾರೂ ಅದನ್ನು ಚುಚ್ಚಬಾರದು, ಅವರು ಎಷ್ಟೇ ಪರಿಚಿತರಾಗಿರಲಿ.

ಬಳಸದ ದಿನಗಳಲ್ಲೂ ಪೋರ್ಟನ್ನು ಆಗಾಗ ತೊಳೆಸಬೇಕು. ನಾಲ್ಕು ವಾರಕ್ಕೊಮ್ಮೆ ಎಂಬುದು ಹಳೆಯ ರೂಢಿ. ಇನ್ನೂ ಹೆಚ್ಚು ಅಂತರ ಕೊಡುವ ಆಸ್ಪತ್ರೆಗಳೂ ಉಂಟು. ನಿಮ್ಮ ವೈದ್ಯರು ಹೇಳಿದ್ದೇ ನಿಮಗೆ ಲೆಕ್ಕ. ಕಬ್ಬು ಕಡಿಯುವ ಕಾಲ, ಮನೆಯ ಮದುವೆ, ಜಾತ್ರೆ ಎಂದು ತಾರೀಖನ್ನು ದೂಡಬೇಡಿರಿ. ಚಿಕಿತ್ಸೆ ಮುಗಿದ ಮೇಲೆ ಪೋರ್ಟನ್ನು ಯಾವಾಗ ತೆಗೆಸಬೇಕೆಂಬುದನ್ನೂ ಕೇಳಿ ತಿಳಿಯಿರಿ.

ಕೊನೆಗೊಂದು ಮಾತು. ಇಂದೇ ಒಂದು ಚೀಟಿ ಬರೆಯಿರಿ: ಪೋರ್ಟ್ ಹಾಕಿದ ದಿನ, ಯಾವ ಬದಿ, ಕೊನೆಯ ಔಷಧಿ ಯಾವಾಗ, ಆಸ್ಪತ್ರೆಯ ರಾತ್ರಿಯ ಫೋನ್ ನಂಬರ್. ಒಂದು ಪ್ರತಿ ರೋಗಿಯ ಕಿಸೆಯಲ್ಲಿರಲಿ, ಇನ್ನೊಂದು ಗೋಡೆಯ ಮೇಲಿರಲಿ. ಜೊತೆಗೆ ಥರ್ಮಾಮೀಟರ್ ಇರಲಿ; ರಾತ್ರಿ ಕರೆದರೆ ಬರುವ ಗಾಡಿಯವನೊಬ್ಬನಿಗೆ ಮೊದಲೇ ಹೇಳಿಟ್ಟಿರಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲಾದೀತೆ? ಕ್ಯಾನ್ಸರನ್ನು ಎದುರಿಸಿ ನಿಂತ ಜೀವವೊಂದು ತಡಮಾಡಿದ ಜ್ವರಕ್ಕೆ ಸೋಲಬಾರದು. ಅದನ್ನು ತಡೆಯುವುದು ನಿಮ್ಮ ಕೈಯಲ್ಲಿ ಬಹಳಷ್ಟಿದೆ.